ಸಂಚಾರಿ ಸ್ಥಾಯಿಯಾದ ಬಗೆ

ಕನ್ನಡ ದಿನಪತ್ರಿಕೆಗಳ ಜಿಲ್ಲಾ ಪುಟವನ್ನು ಕೆಲವು ತಿಂಗಳು ಬಿಡದೆ ಓದಿದ ಯಾರಿಗೇ ಆಗಲಿ, ಅಲ್ಲಿಯ ತಲೆಬರಹಗಳಲ್ಲಿ ಕೆಲವು ಮಾತುಗಳು ಕಾಲದ ಭೇದವಿಲ್ಲದೆ, ವಿಷಯದ ಗುರುತ್ವ ಲಘುತ್ವಗಳ ಎಣಿಕೆಯಿಲ್ಲದೆ, ಮರಳಿ ಮರಳಿ ಬರುವುದು ಕಣ್ಣಿಗೆ ಬೀಳದೆ ಇರದು. ಮಳೆ ತಡವಾದರೆ ರೈತರಲ್ಲಿ ಆತಂಕ. ಅದೇ ಮಳೆ ಹೆಚ್ಚಾದರೆ ಭೀಮಾತೀರದಲ್ಲಿ ಆತಂಕ. ಪರೀಕ್ಷೆಯ ಫಲಿತಾಂಶದ ಹಿಂದಿನ ದಿನ ವಿದ್ಯಾರ್ಥಿಗಳ ಎದೆಯಲ್ಲಿ ಢವಢವ, ಮತ ಎಣಿಕೆಯ ಹಿಂದಿನ ದಿನ ಅಭ್ಯರ್ಥಿಗಳ ಎದೆಯಲ್ಲಿ ಅದೇ ಢವಢವ. ಚಿರತೆಯ ಹೆಜ್ಜೆ ಕಂಡ ಊರಿನಲ್ಲಿ ಭೀತಿ, ತೊಗರಿಯ ಧಾರಣೆ ಇಳಿದ ಊರಿನಲ್ಲಿ ತಲ್ಲಣ, ಶಾಲೆಯ ಗೋಡೆ ಬಿರಿದ ಊರಿನಲ್ಲಿ ನಡುಕ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ಕಮಲಾಪುರಕ್ಕಿಂತ ಬಹಳ ಮೊದಲೇ, ನಗರದ ಅಂಚಿಗೇ ಸಿಕ್ಕುವ ಕಪನೂರದಲ್ಲಿ, ದಾಲ್‌ಮಿಲ್ಲುಗಳ ಕೆಲಸಕ್ಕೆ ಹೋಗುವ ಜನ ಚಹಾ ಕುಡಿಯಲು ನಿಲ್ಲುವ ಅಂಗಡಿಗಳಲ್ಲಿ, ಇಂದಿಗೂ ಒಂದೇ ಪತ್ರಿಕೆಯನ್ನು ನಾಲ್ಕಾರು ಮಂದಿ ಹಾಳೆ ಹಾಳೆಯಾಗಿ ಹಂಚಿಕೊಂಡು ಓದುವುದುಂಟು. ಅಕ್ಷರ ಬಾರದವರಿಗೆ ಬಲ್ಲವನೊಬ್ಬನು ತಲೆಬರಹವನ್ನು ಗಟ್ಟಿಯಾಗಿ ಓದಿ ಹೇಳಿ, ಒಡಲನ್ನು ಬಿಟ್ಟು, ಮುಂದಿನ ಸುದ್ದಿಗೆ ಹೋಗುತ್ತಾನೆ. ಹೀಗೆ ಹೇಳಿ ಕೇಳಿದ ಸುದ್ದಿಯಲ್ಲಿ ಕೇಳಿದವನ ಪಾಲಿಗೆ ಉಳಿಯುವುದು ಆತಂಕವೊಂದೇ; ಆ ಆತಂಕ ಏಕೆ ಹುಟ್ಟಿತು, ಯಾರಲ್ಲಿ ಹುಟ್ಟಿತು, ಯಾವಾಗ ಇಳಿಯಬಹುದು ಎಂಬ ವಿವರವು ಓದದೆ ಬಿಟ್ಟ ಒಡಲಿನಲ್ಲಿ, ಅದೂ ಬರೆದಿದ್ದರೆ, ಉಳಿದುಹೋಗುತ್ತದೆ.

ಈ ಪದ್ಧತಿಯನ್ನು ವಿಮರ್ಶಿಸಲು ಹೊರಗಿನ ಒರೆಗಲ್ಲನ್ನು ಹುಡುಕಿಕೊಂಡು ಹೋಗಬೇಕಾದ ಅಗತ್ಯ ನಮ್ಮ ಕಲಬುರಗಿ ಜಿಲ್ಲೆಯವರಿಗೆ ಇಲ್ಲ. ಸೇಡಂ ತಾಲ್ಲೂಕಿನ ಮಳಖೇಡವು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಲದಲ್ಲಿ, ಒಂಬತ್ತನೆಯ ಶತಮಾನದ ನಡುವೆ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ತನ್ನ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದನ್ನೇ ಮಾತಿನ ದೋಷಾದೋಷಗಳ ನಿರ್ಣಯಕ್ಕೆ ಮೀಸಲಿಟ್ಟಿತೆಂಬುದು, ನುಡಿಯ ಒಪ್ಪುತಪ್ಪುಗಳನ್ನು ಕುರಿತು ಈ ನೆಲದಲ್ಲಿ ಎಷ್ಟು ಹಿಂದೆಯೇ ಗಂಭೀರವಾದ ಚಿಂತನೆ ನಡೆದಿತ್ತೆಂಬುದಕ್ಕೆ ಸಾಕ್ಷಿ. ಆ ಗ್ರಂಥವು ಬಹುಮಟ್ಟಿಗೆ ಅವಲಂಬಿಸಿದ ದಂಡಿಯ ಕಾವ್ಯಾದರ್ಶದಲ್ಲಿ ಪುನರುಕ್ತಿಯು ದೋಷವೆಂದು ಎಣಿಕೆಯಾಗಿದ್ದರೂ, ಕರುಣೆ ಮೊದಲಾದ ಭಾವದ ಅತಿಶಯವನ್ನು ಹೇಳಬೇಕಾದ ಕಡೆಯಲ್ಲಿ ಅದು ದೋಷವಾಗದೆ ಅಲಂಕಾರವೇ ಆಗುತ್ತದೆಂಬ ವಿನಾಯಿತಿಯುಂಟು. ಪತ್ರಿಕೆಯ ಆತಂಕವು ಈ ವಿನಾಯಿತಿಗೆ ಅರ್ಹವೇ ಎಂಬ ಪ್ರಶ್ನೆಯಿಂದ ನಾವು ತೊಡಗಬಹುದು. ಯಾವ ಭಾವದ ಅತಿಶಯ? ಯಾರ ಭಾವದ ಅತಿಶಯ?

ಭರತನ ನಾಟ್ಯಶಾಸ್ತ್ರವು ಭಯವನ್ನು ಎಂಟು ಸ್ಥಾಯಿಭಾವಗಳಲ್ಲಿ ಒಂದಾಗಿ ಇಟ್ಟು, ಶಂಕೆ, ತ್ರಾಸ, ಆವೇಗ, ಚಿಂತೆ, ಚಪಲತೆ ಮೊದಲಾದುವನ್ನು ಮೂವತ್ತಮೂರು ವ್ಯಭಿಚಾರಿಗಳ, ಎಂದರೆ ಸಂಚಾರಿಗಳ, ಪಂಕ್ತಿಯಲ್ಲಿ ಇಟ್ಟಿತು. ನಾವು ಇಂದು ಟೆನ್ಶನ್ ಎಂದೋ ನರ್ವಸ್ ಎಂದೋ ಕರೆಯುವ ಮನಃಸ್ಥಿತಿಯು ಬಹುತೇಕ ಈ ಎರಡನೆಯ ಪಂಕ್ತಿಗೆ ಸೇರಿದ್ದು. ಸಂಚಾರಿಯ ಲಕ್ಷಣವೇನೆಂದರೆ, ಅದು ಒಂದು ಕಾರಣದಿಂದ ಹುಟ್ಟುತ್ತದೆ, ಒಂದು ಶರೀರದಲ್ಲಿ ಕಾಣಿಸಿಕೊಳ್ಳುತ್ತದೆ, ಮತ್ತೊಂದು ಭಾವಕ್ಕೆ ದಾರಿಮಾಡಿಕೊಟ್ಟು ತಾನು ಸರಿದುಹೋಗುತ್ತದೆ. ವಿಭಾವವಿಲ್ಲದೆ, ಎಂದರೆ ಹುಟ್ಟಿಸುವ ಕಾರಣವನ್ನು ಕಾಣಿಸದೆ, ಅದನ್ನು ತರಕೂಡದು. ಬೆವರು, ನಡುಕ, ಸ್ವರಭಂಗ, ಮುಖದ ಬಣ್ಣಗೆಡುವಿಕೆ ಮೊದಲಾದ ಸಾತ್ತ್ವಿಕ ಚಿಹ್ನೆಗಳಿಲ್ಲದೆ ಅದನ್ನು ಬರಿಯ ಹೆಸರಿನಿಂದ ಹೇಳಿದರೆ ಸಹೃದಯನಲ್ಲಿ ಏನೂ ಹುಟ್ಟುವುದಿಲ್ಲ. ಭಾವವನ್ನು ಅದರ ಹೆಸರು ಹಿಡಿದೇ ಹೇಳಿಬಿಡುವುದನ್ನು ನಂತರದ ಆಲಂಕಾರಿಕರು ಸ್ವಶಬ್ದವಾಚ್ಯತ್ವವೆಂಬ ದೋಷವಾಗಿಯೇ ಪರಿಗಣಿಸಿದರು. ನಮ್ಮ ಜಿಲ್ಲಾ ಪುಟವು ಮಾಡುತ್ತಿರುವುದು ಇದನ್ನೇ: ಆತಂಕವನ್ನು ಹೆಸರು ಹಿಡಿದು ಕರೆಯುತ್ತದೆ, ಅದರ ಕಾರಣವನ್ನು ಅರ್ಧ ಹೇಳುತ್ತದೆ, ಅದರ ಶರೀರವನ್ನು ಕಾಣಿಸುವುದೇ ಇಲ್ಲ, ಅದು ಸರಿದುಹೋದ ಸಂಗತಿಯನ್ನು ವರದಿ ಮಾಡುವುದೂ ಇಲ್ಲ. ಹೋಗಬೇಕಾದ ಭಾವ ಹೋಗದೆ ನಿಂತುಬಿಟ್ಟು, ಸಂಚಾರಿಯು ಸ್ಥಾಯಿಯ ಪೀಠದಲ್ಲಿ ಕುಳಿತಿದೆ. ನನ್ನ ಆಕ್ಷೇಪದ ಸಾರವೆಲ್ಲ ಇಷ್ಟೇ. ಮುಂದೆ ಹೇಳುವುದು ಇದರ ವಿಸ್ತಾರ.

2020ರ ಫೆಬ್ರವರಿ 5ರಿಂದ 7ರವರೆಗೆ, ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ, ಎಚ್. ಎಸ್. ವೆಂಕಟೇಶಮೂರ್ತಿಯವರ ಅಧ್ಯಕ್ಷತೆಯಲ್ಲಿ 85ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು ನಡೆಯಿತು. ಊರೆಲ್ಲ ಬಾವುಟ, ತೋರಣ. ಪತ್ರಿಕೆಗಳಲ್ಲಿ ಕಲಬುರಗಿಯ ಹೆಸರು ಶರಣರ ನಾಡೆಂದೂ ತೊಗರಿಯ ಕಣಜವೆಂದೂ ಸಂಭ್ರಮದಿಂದ ಅಚ್ಚಾಗುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ, ಮಾರ್ಚ್ 10ರಂದು, ಸೌದಿ ಅರೇಬಿಯಾದಿಂದ ಮರಳಿದ್ದ 76 ವರ್ಷದ ವೃದ್ಧರೊಬ್ಬರು ತೀರಿಕೊಂಡು, 12ರಂದು ಅದು ಕೋವಿಡ್ ಮರಣವೆಂದೂ, ಅಷ್ಟೇ ಅಲ್ಲ, ಭಾರತದ ಮೊದಲ ಕೋವಿಡ್ ಮರಣವೆಂದೂ ದೃಢಪಟ್ಟಿತು. ಅಂದಿನಿಂದ ಹಲವು ವಾರಗಳ ಕಾಲ ಕಲಬುರಗಿಯ ಹೆಸರಿನೊಡನೆ ಬೆಚ್ಚಿಬೀಳುವಿಕೆ, ನಡುಕ, ತತ್ತರ ಎಂಬ ಮಾತುಗಳು ಅಂಟಿಕೊಂಡುವು. ಟಿವಿಯ ಪರದೆಯಲ್ಲಿ ಹೆಮ್ಮಾರಿಯ ಅಟ್ಟಹಾಸ, ಮಹಾಮಾರಿಯ ರಣಕೇಕೆ, ಮರಣಮೃದಂಗ, ರುದ್ರನರ್ತನ ಎಂಬ ಪದಪುಂಜಗಳು ಕೆಂಪು ಅಕ್ಷರಗಳಲ್ಲಿ ಹಗಲಿರುಳು ಹರಿದುವು.

ಈ ಪದಪುಂಜಗಳ ಮೂಲವು ನಮ್ಮ ಬಯಲಾಟದ ಅಟ್ಟದಲ್ಲಿದೆ. ಅಟ್ಟಹಾಸವೂ ರಣಕೇಕೆಯೂ ದೊಡ್ಡಾಟದ ರಾಕ್ಷಸವೇಷದ ಪ್ರವೇಶಕ್ಕೆ ಸಂಬಂಧಪಟ್ಟವು. ಮಾರಿಯಂತೂ ಊರಿನ ದೇವತೆ. ಆದರೆ ಆ ಮೂಲದಲ್ಲಿ ಇವುಗಳಿಗೆ ಒಂದು ಕ್ರಮವುಂಟು, ಒಂದು ಮುಕ್ತಾಯವೂ ಉಂಟು. ರಾಕ್ಷಸನು ಕೇಕೆ ಹಾಕಿ ಬಂದಾಗ ಮಕ್ಕಳು ತಾಯಂದಿರ ಸೆರಗು ಹಿಡಿಯುತ್ತಾರೆ, ನಿಜ. ಬೆಳಗಾಗುವುದರೊಳಗೆ ಅವನ ವಧೆಯಾಗಿ, ಮಂಗಳಾರತಿಯಾಗಿ, ಅದೇ ವೇಷಧಾರಿ ಬಣ್ಣ ತೊಳೆದುಕೊಂಡು ಅದೇ ಮಕ್ಕಳ ಮುಂದೆ ಬೀಡಿ ಹಚ್ಚಿ ಕೂರುತ್ತಾನೆ. ಮಾರಿಯನ್ನು ಕೂಡ ಉಪಚರಿಸಿ, ಉಡಿ ತುಂಬಿ, ಊರಿನ ಸೀಮೆ ದಾಟಿಸಿ ಬರುತ್ತಾರೆ. ಆ ವಿಧಿಯಿಂದ ರೋಗ ಹೋಗುವುದೋ ಇಲ್ಲವೋ, ಊರವರ ಭಯಕ್ಕೆ ಒಂದು ದಿನ, ಒಂದು ಗಡಿ ಗೊತ್ತಾಗುತ್ತಿತ್ತು. ಸುದ್ದಿವಾಹಿನಿಯು ಪ್ರವೇಶವನ್ನು ಮಾತ್ರ ಎತ್ತಿಕೊಂಡು ಮಂಗಳವನ್ನು ಕೈಬಿಟ್ಟಿತು. ಪರದೆಯ ಮೇಲೆ ರಾಕ್ಷಸನು ಗಂಟೆಗೆ ಹತ್ತು ಸಾರಿ ಪ್ರವೇಶಿಸಿದನು, ಒಮ್ಮೆಯೂ ನಿರ್ಗಮಿಸಲಿಲ್ಲ. ಗುಣವಾಗಿ ಮನೆಗೆ ಮರಳಿದವರ ಸಂಖ್ಯೆಯು ಸರಕಾರದ ಸಂಜೆಯ ಪ್ರಕಟಣೆಯಲ್ಲಿ ಪ್ರತಿದಿನವೂ ಇರುತ್ತಿದ್ದಿತು. ಅದಕ್ಕೆ ಕೆಂಪು ಅಕ್ಷರ ದೊರೆಯಲಿಲ್ಲ.

ಆ ದಿನಗಳ ಮತ್ತೊಂದು ಪ್ರಯೋಗವನ್ನು ಕುರಿತು ನಾನು ಇನ್ನೂ ಕಠಿನವಾಗಿ ಹೇಳಬೇಕಾಗಿದೆ. ರೋಗದ ತಪಾಸಣೆಗೆ ಒಳಗಾದವರನ್ನೆಲ್ಲ ಪತ್ರಿಕೆಗಳು 'ಶಂಕಿತರು' ಎಂದು ಕರೆದುವು. ನಾಟ್ಯಶಾಸ್ತ್ರವು ಶಂಕೆಯಲ್ಲಿ ಎರಡು ಬಗೆಯನ್ನು ಹೇಳುತ್ತದೆ: ತನ್ನಿಂದಲೇ ಹುಟ್ಟಿದ್ದು, ಪರರಿಂದ ಹುಟ್ಟಿದ್ದು. ರೋಗ ತನಗೆ ತಗುಲಿತೋ ಏನೋ ಎಂದು ಅಳುಕುವವನದು ಮೊದಲನೆಯದು. ನೆರೆಯವನನ್ನು ಕಂಡು ಬಾಗಿಲು ಹಾಕಿಕೊಳ್ಳುವವನದು ಎರಡನೆಯದು. ಕೊಲೆಯ ಸುದ್ದಿಯಲ್ಲಿ, ಕಳವಿನ ಸುದ್ದಿಯಲ್ಲಿ ಆರೋಪ ಹೊತ್ತವನಿಗೆ ಬಳಸುವ ಅದೇ ವಿಶೇಷಣವನ್ನು ಜ್ವರ ಬಂದವನಿಗೂ ಹಚ್ಚಿದ್ದರಿಂದ, ಅಳುಕುವವನ ಶಂಕೆಯು ಮರೆಯಾಗಿ ನೋಡುವವನ ಶಂಕೆಯೊಂದೇ ಉಳಿಯಿತು. ರೋಗಿಯು ಅಪರಾಧಿಯ ಸಾಲಿನಲ್ಲಿ ನಿಲ್ಲಬೇಕಾಯಿತು. 'ತಪಾಸಣೆಗೆ ಒಳಗಾದವರು' ಎಂಬ ನಿರಪಾಯವಾದ ಮಾತು ಕನ್ನಡದಲ್ಲಿ ಇಲ್ಲದೆ ಇರಲಿಲ್ಲ; ಸ್ವಲ್ಪ ಉದ್ದವಾಗಿತ್ತು, ಅಷ್ಟೆ.

ಉದ್ದದ ಮಾತು ಬಂದುದರಿಂದ ಪತ್ರಿಕಾಲಯದ ಕಷ್ಟವನ್ನೂ ನ್ಯಾಯವಾಗಿ ಹೇಳಿಬಿಡಬೇಕು. ತಾಲ್ಲೂಕಿನಿಂದ ಬಂದ ವರದಿಗೆ ತಲೆಬರಹ ಕೊಡುವವನು ವರದಿಗಾರನಲ್ಲ, ರಾತ್ರಿ ಪಾಳಿಯ ಉಪಸಂಪಾದಕ. ಅವನ ಮುಂದೆ ಒಂದು ಕಾಲಮ್ಮಿನ ಅಗಲವಿದೆ, ಮುಗಿಸಬೇಕಾದ ಪುಟವಿದೆ, ಅಚ್ಚಿಗೆ ಹೋಗಬೇಕಾದ ಹೊತ್ತಿದೆ. ಆತಂಕವೆಂಬುದು ಮೂರೇ ಅಕ್ಷರ, ಭೀತಿಯೆಂಬುದು ಎರಡೇ; ಯಾವ ಸುದ್ದಿಗಾದರೂ ಒಗ್ಗುತ್ತದೆ, ಯಾವ ಕಾಲಮ್ಮಿನಲ್ಲಾದರೂ ಕೂರುತ್ತದೆ, ಯಾರೂ ಅದನ್ನು ತಪ್ಪೆಂದು ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಸೇತುವೆ ಎಷ್ಟು ಶಿಥಿಲವಾಗಿದೆಯೆಂಬುದನ್ನು ಬರೆಯಬೇಕಾದರೆ ಅಭಿಯಂತರನನ್ನು ಕೇಳಬೇಕು. ಗ್ರಾಮಸ್ಥರಲ್ಲಿ ಆತಂಕವೆಂದು ಬರೆಯುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಈ ಸೌಲಭ್ಯವೇ ಅದರ ಅಪಾಯ. ಪರಿಶೀಲನೆಯ ಸ್ಥಾನದಲ್ಲಿ ಭಾವದ ಹೆಸರನ್ನು ಇಟ್ಟಾಗ, ಸೇತುವೆಯ ಸ್ಥಿತಿಗೆ ಉತ್ತರ ಕೊಡಬೇಕಾದ ಅಧಿಕಾರಿಗೂ ಬಿಡುಗಡೆಯಾಗುತ್ತದೆ. 'ಜನ ಆತಂಕಪಡುವ ಅಗತ್ಯವಿಲ್ಲ' ಎಂಬ ಸಿದ್ಧ ಹೇಳಿಕೆಯೊಂದನ್ನು ಅವನು ಕೊಡುತ್ತಾನೆ, ಮರುದಿನ ಅದೂ ಅಚ್ಚಾಗುತ್ತದೆ. ಸೇತುವೆಯ ಸುದ್ದಿ ಹೀಗೆ ಮನಸ್ಸಿನ ಸುದ್ದಿಯಾಗಿ ಮುಗಿದುಹೋಗುತ್ತದೆ.

ಈ ಸೀಮೆಯ ಜನ ತಮ್ಮ ಅಂಜಿಕೆಯನ್ನು ತಾವೇ ಹೇಳಿಕೊಳ್ಳುವ ರೀತಿಯನ್ನು ಪತ್ರಿಕೆಯ ಈ ನುಡಿಯ ಪಕ್ಕದಲ್ಲಿಟ್ಟು ನೋಡಿದರೆ ಅಂತರವು ಸ್ಪಷ್ಟವಾಗುತ್ತದೆ. ದುಡಿಯಲು ಪುಣೆಗೋ ಹೈದರಾಬಾದಿಗೋ ಬೆಂಗಳೂರಿಗೋ ಮಕ್ಕಳನ್ನು ಕಳುಹಿಸಿದ ಮನೆಗಳು ಕಪನೂರದಲ್ಲಿಯೂ ಕಮಲಾಪುರದ ಸುತ್ತಿನ ಹಳ್ಳಿಗಳಲ್ಲಿಯೂ ಬೇಕಾದಷ್ಟಿವೆ. ಅಂತಹ ಮನೆಯ ತಾಯಿ ಮಗನ ಫೋನು ಬಾರದ ದಿನ ನೆರೆಯವಳ ಕಟ್ಟೆಯ ಮೇಲೆ ಕುಳಿತು, 'ನಿನ್ನಿ ರಾತ್ರಿಯಿಂದ ಮಗನ ಫೋನಿಲ್ಲ, ಜೀವಕ್ಕ ಸಮಾಧಾನಿಲ್ಲ ನೋಡವ್ವಾ, ಹೊಟ್ಟ್ಯಾಗ ಕಲಸಿದಂಗ ಆಗ್ಲತದ, ಫೋನ್ ಸಪ್ಪಳಾದ್ರ ಎದಿ ಧಸಕ್ ಅಂತದ' ಎನ್ನುತ್ತಾಳೆ. ನೆರೆಯವಳು, 'ಅಂವ ಡೂಟಿ ಮ್ಯಾಲ ಇರ್ತಾನ, ಇಲ್ಲಂದ್ರ ಚಾರ್ಜಿಂಗ್ ಹೋಗಿರ್ತದ, ಹೊತ್ತು ಮುಳುಗೂದ್ರಾಗ ಮಾಡ್ತಾನ ತಗೋ, ಫಿಕರ್ ಮಾಡಬ್ಯಾಡ' ಎನ್ನುತ್ತಾಳೆ. ಈ ನಾಲ್ಕು ಮಾತುಗಳಲ್ಲಿ ಶಾಸ್ತ್ರವು ಕೇಳುವುದೆಲ್ಲವೂ ಇದೆ. ಕಾರಣವು ಹೇಳಲ್ಪಟ್ಟಿದೆ, ಅಂಜಿಕೆಯು ಯಾವಾಗಿನಿಂದ ಎಂಬುದು ಹೇಳಲ್ಪಟ್ಟಿದೆ, ಅದು ಹೊಟ್ಟೆಯಲ್ಲಿ, ಎದೆಯಲ್ಲಿ ಎಲ್ಲೆಲ್ಲಿ ಹೇಗೆ ಕಾಣಿಸಿಕೊಂಡಿತೆಂಬುದು ಹೇಳಲ್ಪಟ್ಟಿದೆ. ಉತ್ತರದಲ್ಲಿ ಸಂಭವನೀಯವಾದ ಎರಡು ಬೇರೆ ಕಾರಣಗಳೂ, ಕಾಯಬೇಕಾದ ಅವಧಿಯೂ, ಕಡೆಗೆ ಸಾಂತ್ವನವೂ ಇವೆ. ಸಾಂತ್ವನವು ಕಾರಣಗಳನ್ನು ಕೊಟ್ಟ ಮೇಲೆ ಬರುತ್ತದೆಯೇ ಹೊರತು ಅವುಗಳ ಬದಲಿಗೆ ಬರುವುದಿಲ್ಲ. ಉರ್ದುವಿನ ಫಿಕರ್, ಮರಾಠಿಯ ಕಾಳಜಿ, ತ್ರಾಸು, ಎಲ್ಲವನ್ನೂ ತನ್ನದಾಗಿಸಿಕೊಂಡ ಈ ನುಡಿಯಲ್ಲಿ ಅಂಜುವುದಕ್ಕೆ ನಾಚಿಕೆಯಿಲ್ಲ, ಅಂಜಿಕೆಯನ್ನು ಬೆಳೆಸುವ ಹವಣಿಕೆಯೂ ಇಲ್ಲ.

ಸಾಹಿತ್ಯದಲ್ಲಿ ಈ ನುಡಿಯ ಬಲವನ್ನು ತಿಳಿದವರು ಗೀತಾ ನಾಗಭೂಷಣ. ಕಲಬುರಗಿ ಜಿಲ್ಲೆಯ ಸಾವಳಗಿಯಲ್ಲಿ 1942ರಲ್ಲಿ ಹುಟ್ಟಿ, ಇದೇ ನಗರದಲ್ಲಿ ಬದುಕಿ, 2020ರ ಜೂನ್ ತಿಂಗಳಲ್ಲಿ ತೀರಿಕೊಂಡ ಆ ಲೇಖಕಿಯ 'ಬದುಕು' ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಅವರ ಕಾದಂಬರಿಗಳ ಹೆಣ್ಣುಮಕ್ಕಳು ಹಸಿವಿಗೆ ಅಂಜುತ್ತಾರೆ, ಗಂಡಸಿನ ಕೈಗೆ ಅಂಜುತ್ತಾರೆ, ಊರಿನ ಬಾಯಿಗೆ ಅಂಜುತ್ತಾರೆ. ಅಂಜುತ್ತಲೇ ರೊಟ್ಟಿ ತಟ್ಟುತ್ತಾರೆ, ಕೂಲಿಗೆ ಹೋಗುತ್ತಾರೆ. ಅಂಜಿಕೆಯು ಅವರಲ್ಲಿ ಕ್ರಿಯೆಯೊಡನೆ ಬೆರೆತು ಬರುವುದರಿಂದ ಓದುಗನು ಅವರನ್ನು ಮರುಕದಿಂದ ನೋಡುವುದಕ್ಕಿಂತ ಗೌರವದಿಂದ ನೋಡುತ್ತಾನೆ. 'ಆತಂಕದಲ್ಲಿ ಮಹಿಳೆಯರು' ಎಂಬ ತಲೆಬರಹದ ಕೆಳಗೆ ಇಂತಹ ಹೆಣ್ಣೊಬ್ಬಳಿಗೆ ಸ್ಥಳವಿರುವುದಿಲ್ಲ.

ಇದಕ್ಕೆ ಪೂರಾ ಭಿನ್ನವಾದ ಜಗತ್ತಿನಿಂದ ಬಂದರೂ, ಯಶವಂತ ಚಿತ್ತಾಲರ 'ಶಿಕಾರಿ'ಯನ್ನು ಈ ಪ್ರಸ್ತಾಪದಲ್ಲಿ ಬಿಡುವಂತಿಲ್ಲ. 1979ರಲ್ಲಿ ಪ್ರಕಟವಾದ ಆ ಕಾದಂಬರಿಯ ನಾಗಪ್ಪ ಮುಂಬಯಿಯ ದೊಡ್ಡ ಕಂಪನಿಯೊಂದರ ಅಧಿಕಾರಿ, ಅಮಾನತ್ತಿಗೆ ಒಳಗಾಗುತ್ತಾನೆ, ತನ್ನ ಮೇಲಿನ ಆರೋಪದ ಸ್ವರೂಪವೇ ತನಗೆ ಸ್ಪಷ್ಟವಾಗದೆ ತೊಳಲುತ್ತಾನೆ. ಕನ್ನಡದಲ್ಲಿ ಮನಸ್ಸಿನ ಅಳುಕನ್ನು ಇಷ್ಟು ನಿಷ್ಠೆಯಿಂದ, ಇಷ್ಟು ದೀರ್ಘವಾಗಿ ಹಿಂಬಾಲಿಸಿದ ಕೃತಿ ಇನ್ನೊಂದಿಲ್ಲವೆಂದೇ ನನ್ನ ಮತ. ಚಿತ್ತಾಲರು ಅಲ್ಲಿ ಮಾಡಿದ ದೊಡ್ಡ ಕೆಲಸವೆಂದರೆ, ನಾಗಪ್ಪನ ಭೀತಿಯಲ್ಲಿ ಎಷ್ಟು ಪಾಲು ಹೊರಗಿನ ಸಂಚಿನದು, ಎಷ್ಟು ಪಾಲು ಅವನದೇ ಬಾಲ್ಯದ ಗಾಯಗಳದು ಎಂಬ ವಿಚಾರಣೆಯನ್ನು ಅವನಿಂದಲೇ ಮಾಡಿಸಿದ್ದು. ತನ್ನ ಭಯವನ್ನು ತಾನೇ ತೂಗಿ ನೋಡುವ ಈ ವಿವೇಕವನ್ನು ನಾವು ಇನ್ನೂ ಹಿಂದೆ, ಮನಸ್ಸನ್ನೇ ಎದುರಿಗೆ ಕುಳ್ಳಿರಿಸಿಕೊಂಡು ಸಂತೈಸುವ ಕನಕದಾಸರ ಪ್ರಸಿದ್ಧ ಕೀರ್ತನೆಯಲ್ಲಿಯೂ ಕಾಣಬಹುದು. ಅಲ್ಲಿ ದಾಸರು ತಳಮಳಿಸುವ ಮನಸ್ಸನ್ನು ಗದರಿಸುವುದಿಲ್ಲ, ಬೆಟ್ಟದ ಮೇಲಿನ ಮರ, ಕಲ್ಲಿನೊಳಗಿನ ಕಪ್ಪೆ ಎಂದು ಒಂದೊಂದಾಗಿ ನಿದರ್ಶನ ಕೊಟ್ಟು ಒಪ್ಪಿಸುತ್ತಾರೆ.

ನಿದರ್ಶನ ಕೊಟ್ಟು ಒಪ್ಪಿಸುವ ಈ ಕೆಲಸವು ಪತ್ರಿಕೆಗೆ ಅಸಾಧ್ಯವಲ್ಲವೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಆಧಾರವಿದೆ. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ 2021ರ ಅಕ್ಟೋಬರ್ ತಿಂಗಳಲ್ಲಿ ನೆಲದೊಳಗಿನಿಂದ ಗುಡುಗಿನ ಸಪ್ಪಳವೂ ಕಂಪನವೂ ಮತ್ತೆ ಮತ್ತೆ ಉಂಟಾಗಿ, ಅವುಗಳಲ್ಲೊಂದರ ತೀವ್ರತೆ 4ರ ಆಸುಪಾಸಿಗೆ ಮುಟ್ಟಿತು. ಜನ ಮನೆ ಬಿಟ್ಟು ಬಯಲಿನಲ್ಲಿ ಮಲಗಿದರು. ಅನೇಕರು ಊರನ್ನೇ ಬಿಟ್ಟು ನೆಂಟರ ಮನೆಗಳಿಗೆ ಹೋದರು. ಅವರ ಅಂಜಿಕೆಗೆ ನಿಜವಾದ ನೆನಪೊಂದು ಹಿನ್ನೆಲೆಯಾಗಿತ್ತು: ಗಡಿಯಾಚೆಯ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಸಂಭವಿಸಿದ ಭೂಕಂಪವು ಸುಮಾರು ಹತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡಾಗ, ಕಲ್ಲುಮಣ್ಣಿನ ಭಾರವಾದ ಗೋಡೆಗಳ ಕೆಳಗೆ ಮಲಗಿದಲ್ಲಿಯೇ ಮಡಿದವರ ಸುದ್ದಿಯನ್ನು ಈ ಭಾಗದ ಹಿರಿಯರು ಮರೆತಿರಲಿಲ್ಲ. ಮೊದಲ ದಿನಗಳ ತಲೆಬರಹಗಳಲ್ಲಿ ಎಂದಿನ ನಡುಕ, ಎಂದಿನ ಬೆಚ್ಚುವಿಕೆಗಳು ಕಾಣಿಸಿಕೊಂಡುವು. ಆದರೆ ವಿಜ್ಞಾನಿಗಳು ಬಂದುಹೋದ ಮೇಲೆ, ಮಳೆಗಾಲದ ನೀರು ಆ ಸೀಮೆಯ ಸುಣ್ಣದಕಲ್ಲಿನ ಪದರಗಳೊಳಗೆ ಇಳಿದು ಒತ್ತಡವನ್ನು ಬದಲಿಸುವುದರಿಂದ ಇಂತಹ ಸಣ್ಣ ಕಂಪನಗಳೂ ಸಪ್ಪಳವೂ ಉಂಟಾಗುತ್ತವೆಂಬ ಅವರ ವಿವರಣೆಯು ಕನ್ನಡದಲ್ಲಿ ಸರಳವಾಗಿ ಅಚ್ಚಾಯಿತು. ಅಂತಹ ವರದಿಯನ್ನು ಓದಿದವನು ಕೂಡಲೇ ಅಂಜಿಕೆ ಬಿಟ್ಟನೆಂದು ನಾನು ಹೇಳುವುದಿಲ್ಲ. ಸಪ್ಪಳಕ್ಕೆ ಕಾರಣ ಗೊತ್ತಾಯಿತು. ಮಲಗುವುದಕ್ಕೆ ಹಳೆಯ ಕಲ್ಲುಗೋಡೆಯ ಮನೆಗಿಂತ ತಗಡಿನ ಶೆಡ್ಡು ಏಕೆ ಲೇಸೆಂಬುದು ಗೊತ್ತಾಯಿತು. ಅಂಜಿಕೆಯು ಅರಿವಿಗೆ ದಾರಿಮಾಡಿಕೊಟ್ಟಿತು, ಸಂಚಾರಿಯು ಸಂಚರಿಸಿತು. ಆ ವರದಿಗಳನ್ನು ಬರೆದ ತಾಲ್ಲೂಕು ವರದಿಗಾರರಿಗೆ ಕನ್ನಡ ಪತ್ರಿಕಾವೃತ್ತಿಯು ಋಣಿಯಾಗಿರತಕ್ಕದ್ದು.

ಮರುವರ್ಷವೇ ತೊಗರಿಯ ವಿಷಯದಲ್ಲಿ ಈ ವಿವೇಕ ಸಾಲದೆ ಹೋಯಿತು. 2022ರ ಹಂಗಾಮಿನಲ್ಲಿ ಜಿಲ್ಲೆಯ ತೊಗರಿಗೆ ನೆಟೆ ರೋಗ ತಗುಲಿ, ಹೂ ಕಾಯಿ ಬಿಡುವ ಹೊತ್ತಿಗೆ ಹೊಲಕ್ಕೆ ಹೊಲವೇ ನಿಂತಲ್ಲಿ ಒಣಗಿದಾಗ, ರೈತ ಕಂಗಾಲು, ರೈತ ಕಂಗೆಟ್ಟ, ರೈತನಿಗೆ ಆತಂಕ ಎಂಬ ತಲೆಬರಹಗಳು ವಾರಗಟ್ಟಲೆ ನಡೆದುವು. ಪರಿಹಾರಕ್ಕಾಗಿ ಸರಕಾರವನ್ನು ಎಚ್ಚರಿಸಿದ್ದು ಯೋಗ್ಯವೇ. ಆದರೆ ರೋಗಕ್ಕೆ ಕಾರಣವಾದ ಶಿಲೀಂಧ್ರವು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ, ಒಂದೇ ಹೊಲದಲ್ಲಿ ವರ್ಷವರ್ಷವೂ ತೊಗರಿಯನ್ನೇ ಬಿತ್ತಿದರೆ ಅದು ಬಲಿಯುತ್ತದೆ, ಬೀಜಕ್ಕೆ ಟ್ರೈಕೋಡರ್ಮಾ ಉಪಚಾರ ಮಾಡಬೇಕು, ನೆಟೆಯನ್ನು ತಡೆಯಬಲ್ಲ ಮಾರುತಿ, ಟಿಎಸ್-3ಆರ್ ಮುಂತಾದ ತಳಿಗಳಿವೆ, ಅದರಲ್ಲಿ ಎರಡನೆಯದು ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದ್ದೇ ಕಾಣಿಕೆ ಎಂಬ ಮಾತುಗಳು ಒಳಪುಟದ ಕೃಷಿ ಅಂಕಣದಲ್ಲಿ ಒಮ್ಮೆ ಬಂದು ಮರೆಯಾದುವು. ಕಂಗಾಲೆಂಬ ಮಾತು ಮುಖಪುಟದಲ್ಲಿ ಎಷ್ಟು ಸಾರಿ ಬಂದಿತೋ ಅದರ ಕಾಲು ಪಾಲಿನಷ್ಟಾದರೂ ಬೀಜೋಪಚಾರದ ಮಾತು ಬಂದಿದ್ದರೆ, ಕಪನೂರದ ಮಿಲ್ಲುಗಳಿಗೆ ಬರುವ ತೊಗರಿಯ ಚೀಲಗಳ ಮೇಲೆ ಅದರ ಪರಿಣಾಮ ಕಾಣುತ್ತಿತ್ತೆಂದು ನಾನು ನಂಬುತ್ತೇನೆ.

ಸುದ್ದಿಯ ಮಾತಾಯಿತು, ಜಾಹೀರಾತಿನ ಮಾತನ್ನು ಆಡದೆ ಬಿಟ್ಟರೆ ಈ ವಿಮರ್ಶೆಯು ಅಪೂರ್ಣ. ಅಮೆರಿಕದ ವೈದ್ಯ ಜಾರ್ಜ್ ಬಿಯರ್ಡ್ 1869ರಲ್ಲಿ ಪ್ರಚಾರಕ್ಕೆ ತಂದ ನರಗಳ ದಣಿವೆಂಬ ಕಲ್ಪನೆಯು ವೈದ್ಯಶಾಸ್ತ್ರದಲ್ಲಿ ಬಹುಕಾಲ ಹಿಂದೆಯೇ ಪ್ರಾಧಾನ್ಯವನ್ನು ಕಳೆದುಕೊಂಡರೂ, ನಮ್ಮ ಗೋಡೆಬರಹಗಳಲ್ಲಿಯೂ ಪತ್ರಿಕೆಗಳ ಕಿರು ಜಾಹೀರಾತುಗಳಲ್ಲಿಯೂ 'ನರದೌರ್ಬಲ್ಯ'ವೆಂಬ ಹೆಸರಿನಿಂದ ತಲೆಮಾರುಗಳ ಕಾಲ ಬಾಳಿತು. ನಿದ್ರೆ ಬಾರದಿರುವುದು, ಎದೆ ಹಾರುವುದು, ಕೈ ನಡುಗುವುದು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಹೀಗೆ ಚಿಂತೆಯ ಸಹಜ ಲಕ್ಷಣಗಳನ್ನೆಲ್ಲ ಪಟ್ಟಿ ಮಾಡಿ, ಅವಕ್ಕೆ ತರುಣನ ಗುಪ್ತವಾದ ತಪ್ಪುಗಳೇ ಕಾರಣವೆಂದು ಅಂಜಿಸಿ, ಲೇಹ್ಯವನ್ನೋ ಗುಳಿಗೆಯನ್ನೋ ಮಾರುವ ಈ ವ್ಯಾಪಾರವು ಎಷ್ಟೋ ಹುಡುಗರ ಮನಸ್ಸನ್ನು ಕೆಡಿಸಿದೆ. ಔಷಧಗಳ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತನ್ನು ತಡೆಯುವ 1954ರ ಕಾಯಿದೆಯ ಅನುಸೂಚಿಯಲ್ಲಿ ನರದೌರ್ಬಲ್ಯವು ಹೆಸರಿಸಲ್ಪಟ್ಟಿದೆ. ಅದನ್ನು ಗುಣಪಡಿಸುವೆನೆಂದು ಜಾಹೀರಾತು ಕೊಡುವುದು ನಿಷಿದ್ಧ. ಕಾಯಿದೆ ಬಂದ ಮೇಲೂ ಗೋಡೆಗಳು ಅದೇ ಬರಹವನ್ನು ಹೊತ್ತು ನಿಂತಿವೆ. ಒಂದು ಪುಟದಲ್ಲಿ ಆತಂಕವನ್ನು ಬಿತ್ತಿ ಇನ್ನೊಂದು ಪುಟದಲ್ಲಿ ಅದರ ಗುಳಿಗೆಯನ್ನು ಮಾರಲು ಜಾಗ ಕೊಡುವ ಪತ್ರಿಕೆಯು ಓದುಗನ ನಂಬಿಕೆಯನ್ನು ಎರಡು ಸಲ ದುರುಪಯೋಗಪಡಿಸುತ್ತದೆ.

ಇದಕ್ಕೆ ಪ್ರತಿಯಾಗಿ ಕನ್ನಡದಲ್ಲಿಯೇ ಬೆಳೆದ ಆರೋಗ್ಯಕರವಾದ ಪರಂಪರೆಯೊಂದಿದೆಯೆಂಬುದನ್ನು ಸಂತೋಷದಿಂದ ನೆನೆಯಬೇಕು. 'ಕೊರವಂಜಿ'ಯ ಸಂಪಾದಕರಾಗಿ ನಾಡನ್ನು ನಗಿಸಿದ ವೈದ್ಯ ಎಂ. ಶಿವರಾಂ ಅವರು ಮನಸ್ಸಿನ ವ್ಯಾಪಾರವನ್ನು ಕುರಿತು ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಮನ್ನಣೆ ದೊರೆಯಿತು. ನಿಮ್ಹಾನ್ಸಿನಲ್ಲಿ ಮನೋವೈದ್ಯರಾಗಿದ್ದ ಸಿ. ಆರ್. ಚಂದ್ರಶೇಖರ್ ಅವರು ದಶಕಗಳ ಕಾಲ ಪತ್ರಿಕೆಗಳ ಅಂಕಣಗಳಲ್ಲಿ, ಸಣ್ಣ ಸಣ್ಣ ಪುಸ್ತಕಗಳಲ್ಲಿ, ಗಾಬರಿಯೂ ಖಿನ್ನತೆಯೂ ಚಿಕಿತ್ಸೆಗೆ ಒಳಪಡುವ ಸ್ಥಿತಿಗಳೆಂಬುದನ್ನು ಹಳ್ಳಿಯ ಓದುಗನಿಗೂ ತಿಳಿಯುವ ಕನ್ನಡದಲ್ಲಿ ಹೇಳುತ್ತ ಬಂದರು. ಈ ಇಬ್ಬರ ಗದ್ಯದಲ್ಲಿ ಉದ್ಗಾರವಾಚಕ ಚಿಹ್ನೆಗೆ ಕೆಲಸ ಕಡಿಮೆ.

ಕಡೆಯದಾಗಿ ಢವಢವದ ಮಾತು. ಅನುಕರಣ ಶಬ್ದಗಳು ಕನ್ನಡದ ಸಂಪತ್ತು. ಅವುಗಳಲ್ಲಿ ಯಾವುದನ್ನೂ ನಾನು ಹಳಿಯುವವನಲ್ಲ. ಮತ ಎಣಿಕೆಯ ಹಿಂದಿನ ರಾತ್ರಿ ಅಭ್ಯರ್ಥಿಯ ಎದೆಯಲ್ಲಿ ಢವಢವ ಎಂದು ಬರೆದರೆ ಯಾರಿಗೂ ನಷ್ಟವಿಲ್ಲ. ಆತನು ವಯಸ್ಕನು, ತಾನಾಗಿ ಕಣಕ್ಕೆ ಇಳಿದವನು. ಆದರೆ 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡವು ಶೇ 91.12ರೊಂದಿಗೆ ಮೊದಲ ಸ್ಥಾನದಲ್ಲಿಯೂ ನಮ್ಮ ಕಲಬುರಗಿಯು ಶೇ 42.43ರೊಂದಿಗೆ ಕಡೆಯ ಸ್ಥಾನದಲ್ಲಿಯೂ ನಿಂತುವು. ಪರೀಕ್ಷೆಗೆ ಕುಳಿತ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅನುತ್ತೀರ್ಣರಾದ ಜಿಲ್ಲೆಯೊಂದರಲ್ಲಿ, ಹದಿನೈದು ಹದಿನಾರು ವರ್ಷದ ಮಗುವಿನ ಕೈಗೆ ಫಲಿತಾಂಶದ ದಿನ ಬೆಳಗ್ಗೆ ಢವಢವವೆಂಬ ತಲೆಬರಹವನ್ನು ಕೊಡುವುದು ಎಂತಹ ಕೆಲಸವೆಂದು ಯೋಚಿಸಬೇಕು. ಆ ಮಗುವಿಗೆ ಆ ಬೆಳಗ್ಗೆ ತಿಳಿಯಬೇಕಾದದ್ದು ಬೇರೆಯಿದೆ: ಅನುತ್ತೀರ್ಣರಾದವರು ಅದೇ ವರ್ಷವೇ ಮತ್ತೆ ಪರೀಕ್ಷೆ ಬರೆಯಬಹುದು, ಅಂಕ ಕಡಿಮೆಯೆನಿಸಿದರೆ ಮರುಮೌಲ್ಯಮಾಪನ ಕೇಳಬಹುದು, ಮನಸ್ಸು ತಡೆಯದಷ್ಟು ಕುಸಿದರೆ, 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಕಲಬುರಗಿಯ ಆವೃತ್ತಿಗಳನ್ನು ಹೊರಡಿಸುವ ಸಂಪಾದಕರಲ್ಲಿ ನನ್ನ ವಿನಂತಿಯು ಒಂದೇ. ಮುಂದಿನ ಫಲಿತಾಂಶದ ದಿನ ಮುಖಪುಟದಲ್ಲಿ ಢವಢವಕ್ಕೆ ಮೀಸಲಾದ ಆ ಸ್ಥಳವನ್ನು, ಅದೇ ಅಳತೆಯ ಅಕ್ಷರಗಳಲ್ಲಿ, ಎರಡನೆಯ ಪರೀಕ್ಷೆಯ ದಿನಾಂಕಕ್ಕೂ 14416 ಎಂಬ ಸಂಖ್ಯೆಗೂ ಬಿಟ್ಟುಕೊಡಿ.